ಕಳೆ ಸಾಯಬೇಕು, ಪೈರು ಉಳಿಯಬೇಕು

ಬ್ಯಾಕ್ಟೀರಿಯಾ ಅಂದ ಕೂಡಲೇ ನಮಗೆ ನೆನಪಾಗುವುದು ಕಾಯಿಲೆ. ಆದರೆ ನಮ್ಮ ಕರುಳಿನಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾಗಳಿವೆ, ಅವುಗಳಲ್ಲಿ ಹೆಚ್ಚಿನವು ನಮಗೆ ಉಪಕಾರಿಗಳು. ನಾವು ತಿಂದ ಸೊಪ್ಪು, ಕಾಳುಗಳ ನಾರನ್ನು ಒಡೆಯುತ್ತವೆ. ಕೆ ಜೀವಸತ್ವವನ್ನು ತಯಾರಿಸುತ್ತವೆ. ಜಾಗವನ್ನೆಲ್ಲ ತಾವೇ ತುಂಬಿಕೊಂಡು ಕೆಟ್ಟವು ಕಾಲೂರದಂತೆ ತಡೆಯುತ್ತವೆ.

ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧಿಗೆ ಆಂಟಿಬಯೋಟಿಕ್ ಎನ್ನುತ್ತಾರೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದ ಮೇಲೆ ಇಂಥ ಔಷಧಿಗಳಿಂದ ಲೆಕ್ಕವಿಲ್ಲದಷ್ಟು ಜನ ಬದುಕಿದ್ದಾರೆ. ಆದರೆ ಒಂದು ತೊಂದರೆ ಇದೆ. ಹೆಚ್ಚಿನ ಆಂಟಿಬಯೋಟಿಕ್‌ಗಳಿಗೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಗೊತ್ತಾಗುವುದಿಲ್ಲ. ರಾಗಿ ಹೊಲಕ್ಕೆ ಎಲ್ಲವನ್ನೂ ಸುಡುವ ಔಷಧಿ ಹೊಡೆದರೆ ಏನಾಗುತ್ತೆ ಹೇಳಿ? ಕಳೆಯೂ ಹೋಗುತ್ತೆ, ರಾಗಿಯೂ ಹೋಗುತ್ತೆ. ಆಮೇಲೆ ಖಾಲಿ ನೆಲದಲ್ಲಿ ಮೊದಲು ಏಳುವುದು ಕಳೆಯೇ! ಕರುಳಿನ ಕಥೆಯೂ ಇದೇ. ಹೋದ ವರ್ಷ ನನ್ನ ಅಜ್ಜಿಗೆ ಮಾತ್ರೆಯಿಂದ ಕೆಮ್ಮು, ಜ್ವರ ವಾಸಿಯಾಯಿತು, ಆದರೆ ಭೇದಿ ಹಿಡಿದು ನಾಲ್ಕು ದಿನ ಸುಸ್ತಾದರು. ಹೀಗೆ ಖಾಲಿಯಾದ ಕರುಳಿನಲ್ಲಿ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಹೆಚ್ಚಿಕೊಂಡರೆ ವಯಸ್ಸಾದವರ ಜೀವಕ್ಕೇ ಅಪಾಯ.

ಹಾಗಾದರೆ ಕಳೆಯನ್ನು ಮಾತ್ರ ಕೀಳುವುದು ಹೇಗೆ? ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಲ್ ಹರ್ಗನ್‌ರಾದರ್ ಮತ್ತು ಅವರ ಸಂಗಡಿಗರು ಒಂದು ದಾರಿ ಹುಡುಕಿದರು. ಕೆಲವು ಬ್ಯಾಕ್ಟೀರಿಯಾಗಳಿಗೆ ಒಳಗೊಂದು ಹೊರಗೊಂದು ಎರಡು ಪೊರೆ ಇರುತ್ತವೆ. ಇವಕ್ಕೆ ಗ್ರಾಂ ನೆಗೆಟಿವ್ ಎಂದು ಹೆಸರು. ಹೊರಪೊರೆಗೆ ಬೇಕಾದ ಕೆಲವು ಪ್ರೋಟೀನುಗಳನ್ನು ಒಳಗಿನಿಂದ ಸಾಗಿಸಲು ಇವುಗಳಲ್ಲಿ 'ಲಾಲ್' ಎಂಬ ಏರ್ಪಾಡು ಇದೆ. ಸಾಗಾಟ ನಿಂತರೆ ಬ್ಯಾಕ್ಟೀರಿಯಾ ಸಾಯುತ್ತದೆ. ರೋಗ ತರುವ ಕೆಲವು ಬ್ಯಾಕ್ಟೀರಿಯಾಗಳ ಲಾಲ್ ರಚನೆಗೂ ಕರುಳಿನ ಒಳ್ಳೆಯವುಗಳ ಲಾಲ್ ರಚನೆಗೂ ವ್ಯತ್ಯಾಸವಿದೆ. ಒಂದೇ ಪೊರೆ ಇರುವವುಗಳಲ್ಲಂತೂ ಲಾಲ್ ಇಲ್ಲವೇ ಇಲ್ಲ. ಈ ವ್ಯತ್ಯಾಸವನ್ನೇ ಹಿಡಿದು ಅವರು 'ಲೋಲಮೈಸಿನ್' ತಯಾರಿಸಿದರು. ಒಂದು ಬೀಗಕ್ಕೆ ಮಾಡಿದ ಕೀ ಇನ್ನೊಂದಕ್ಕೆ ಕೂರುವುದಿಲ್ಲವಲ್ಲ, ಹಾಗೆ.

2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದರ ವಿವರ ಪ್ರಕಟವಾಯಿತು. ಬೇರೆ ಔಷಧಿಗಳಿಗೆ ಜಗ್ಗದ ಬ್ಯಾಕ್ಟೀರಿಯಾದಿಂದ ರಕ್ತ ನಂಜಾದ ಇಲಿಗಳಿಗೆ ಇದನ್ನು ಕೊಟ್ಟಾಗ ಎಲ್ಲವೂ ಬದುಕಿದವು. ನ್ಯುಮೋನಿಯಾ ಆದ ಇಲಿಗಳಲ್ಲಿ ನೂರಕ್ಕೆ 70 ಉಳಿದವು. ಅಮಾಕ್ಸಿಸಿಲಿನ್ ಮತ್ತು ಕ್ಲಿಂಡಮೈಸಿನ್ ಕೊಟ್ಟ ಇಲಿಗಳ ಕರುಳಿನ ಬ್ಯಾಕ್ಟೀರಿಯಾ ಏರುಪೇರಾದರೆ, ಲೋಲಮೈಸಿನ್ ಕೊಟ್ಟವುಗಳಲ್ಲಿ ಹೆಚ್ಚು ಬದಲಾಗಲಿಲ್ಲ. ಬೇಕೆಂದೇ ಸಿ. ಡಿಫಿಸಿಲ್ ಕೊಟ್ಟು ನೋಡಿದರೂ ಅದು ಅವುಗಳಲ್ಲಿ ಬೇರೂರಲಿಲ್ಲ.

ಇಲಿಗೆ ಹಿಡಿಸಿದ್ದು ಮನುಷ್ಯರಿಗೆ ಹಿಡಿಸುತ್ತದೆ ಎಂದು ಹೇಳಲಾಗದು, ಅದಕ್ಕೆ ವರ್ಷಗಟ್ಟಲೆ ಪರೀಕ್ಷೆ ಬೇಕು. ಬ್ಯಾಕ್ಟೀರಿಯಾಗಳು ಈ ಔಷಧಿಗೂ ಒಗ್ಗಿಕೊಳ್ಳಬಹುದು. ಇನ್ನೊಂದು ಮುಖ್ಯ ಮಾತು: ಇಂಥ ಔಷಧಿ ಕೊಡಬೇಕಾದರೆ ಕಾಯಿಲೆ ತಂದ ಬ್ಯಾಕ್ಟೀರಿಯಾ ಯಾವುದೆಂದು ಮೊದಲು ಗೊತ್ತಿರಬೇಕು. ರಕ್ತವನ್ನೋ ಕಫವನ್ನೋ ಲ್ಯಾಬಿನಲ್ಲಿ ಪರೀಕ್ಷಿಸಿ ತಿಳಿಯಲು ಸಾಮಾನ್ಯವಾಗಿ ಎರಡು ಮೂರು ದಿನ ಹಿಡಿಯುತ್ತದೆ. ಹಳ್ಳಿಗಳಲ್ಲಿ ಅಂಥ ಲ್ಯಾಬು ಎಲ್ಲಿದೆ? ಔಷಧಿಯ ಜೊತೆಗೆ ಬೇಗ ಗುರುತಿಸುವ ಪರೀಕ್ಷೆಯೂ ನಮ್ಮ ಹತ್ತಿರಕ್ಕೆ ಬರಬೇಕು.

ಅಲ್ಲಿಯತನಕ ನಮ್ಮ ಕೈಲಾಗುವುದನ್ನು ಮಾಡೋಣ. ನೆಗಡಿ ಬರುವುದು ವೈರಸ್ಸಿನಿಂದ, ಅದಕ್ಕೆ ಆಂಟಿಬಯೋಟಿಕ್ ನಾಟುವುದೇ ಇಲ್ಲ. ಆದ್ದರಿಂದ ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ, ಪಕ್ಕದ ಮನೆಯವರ ಮಾತ್ರೆಯನ್ನೂ ತೆಗೆದುಕೊಳ್ಳಬೇಡಿ. ಡಾಕ್ಟರು ಬರೆದುಕೊಟ್ಟರೆ ಅವರು ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಿ.