ಅಡುಗೆಮನೆಯ ಗೋಡೆಗೆ ಬಣ್ಣ ಬಂದ ಬಗೆ

ಕರ್ನಾಟಕದಲ್ಲಿ ಅಡುಗೆಮನೆಯ ಗೋಡೆಗೆ ಯಾವ ಬಣ್ಣ ಎಂಬುದು ಮನೆಯವರ ಅಭಿರುಚಿಯ ಪ್ರಶ್ನೆಯಾದದ್ದು ತೀರ ಈಚೆಗೆ; ಅದಕ್ಕೆ ಮೊದಲು ಬಹುಕಾಲ ಅದನ್ನು ತೀರ್ಮಾನಿಸುತ್ತಿದ್ದುದು ಸೌದೆ ಒಲೆಯ ಹೊಗೆ ಮತ್ತು ಸುಣ್ಣದ ಗುಣ. ಹೊಗೆಯೂ ಎಣ್ಣೆಯ ಜಿಡ್ಡೂ ಕೂಡಿ ಮಸಿಗಟ್ಟುತ್ತಿದ್ದುದರಿಂದ ಒಲೆಯ ಹಿಂದಿನ ಗೋಡೆ ವರ್ಷ ತುಂಬುವುದರೊಳಗೆ ಕಪ್ಪಾಗುತ್ತಿತ್ತು. ಕಡಿಮೆ ಖರ್ಚಿನಲ್ಲಿ ಅದನ್ನು ಬೆಳ್ಳಗಾಗಿಸಲು ಹಬ್ಬಕ್ಕೆ ಮುನ್ನ ಸುಣ್ಣ ಬಳಿಯಲಾಗುತ್ತಿತ್ತು.

ಒಳನಾಡಿನಲ್ಲಿ ಸುಣ್ಣಕಲ್ಲನ್ನೂ ಕರಾವಳಿಯಲ್ಲಿ ಚಿಪ್ಪನ್ನೂ ಸುಟ್ಟು ಪಡೆದ ಸುಣ್ಣಕ್ಕೆ ನೀರು ಹೊಯ್ದಾಗ ಅದು ಬುಸುಗುಟ್ಟುತ್ತ ಬಿಸಿಯೇರಿ ಅರಳುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ ನಾರಿನ ಕುಂಚದಿಂದ ಬಳಿದಾಗ ಗೋಡೆ ಮೊದಲು ಬರೀ ಒದ್ದೆಯಾದಂತೆ ಕಾಣುತ್ತದೆ. ನೀರು ಆರಿದಂತೆಲ್ಲ ಬಿಳುಪು ಮೇಲೇಳುತ್ತದೆ, ಮುಂದೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಅದೇ ಸುಣ್ಣ ಕಲ್ಲಿನ ತೆಳುಪದರವಾಗುತ್ತದೆ. ಹಸಿ ಸುಣ್ಣದ ಕ್ಷಾರ, ಅಂದರೆ ಆಮ್ಲಕ್ಕೆ ವಿರುದ್ಧವಾದ ತೀಕ್ಷ್ಣ ಗುಣ, ಬೂಷ್ಟನ್ನು ತಡೆಯುವಂತೆಯೇ ಅನೇಕ ಬಣ್ಣಗಳನ್ನೂ ಕೆಡಿಸುತ್ತದೆ. ಪ್ರಷ್ಯನ್ ನೀಲಿ ಅದರಲ್ಲಿ ಉಳಿಯದು. ಕಬ್ಬಿಣದ ಆಕ್ಸೈಡಿನಿಂದ ಬಣ್ಣ ಪಡೆದ ಕೆಮ್ಮಣ್ಣು ಮತ್ತು ಹಳದಿ ಮಣ್ಣು ತಾಳಿಕೊಳ್ಳುತ್ತವೆ. ಹಳೆಯ ಮನೆಗಳಲ್ಲಿ ಬಿಳಿ, ಕಾವಿಗೆಂಪು, ಮಾಸಲು ಹಳದಿಗಳೇ ಮತ್ತೆ ಮತ್ತೆ ಕಾಣುವುದಕ್ಕೆ ಸಂಪ್ರದಾಯವೊಂದನ್ನೇ ಕಾರಣವೆನ್ನುವವರು ಸುಣ್ಣದ ಈ ಕಟ್ಟಳೆಯನ್ನು ಮರೆತಿರುತ್ತಾರೆ. ಗೋಡೆಯ ಬುಡಕ್ಕೆ ಎಳೆಯುತ್ತಿದ್ದ ಕೆಮ್ಮಣ್ಣಿನ ಪಟ್ಟಿಯೂ ಅಲಂಕಾರವಷ್ಟೇ ಆಗಿರಲಿಲ್ಲ. ನೆಲ ಸಾರಿಸುವಾಗ ಸಿಡಿದ ಸಗಣಿನೀರಿನ ಕಲೆಯನ್ನು ಅದು ಮರೆಮಾಡುತ್ತಿತ್ತು.

ನೀಲಿ ಬಂದದ್ದು ಹೊರಗಿನಿಂದ. ಲಾಜವರ್ದ ಎಂಬ ದುಬಾರಿ ಕಲ್ಲನ್ನು ಅರೆದು ಪಡೆಯುತ್ತಿದ್ದ ಅಲ್ಟ್ರಾಮರೀನ್ ವರ್ಣವನ್ನು ಕೃತಕವಾಗಿ ತಯಾರಿಸಿದ್ದಕ್ಕೆ ಫ್ರಾನ್ಸಿನ ಜೀನ್ ಬ್ಯಾಪ್ಟಿಸ್ಟ್ ಗಿಮೆಗೆ 1828ರಲ್ಲಿ ಬಹುಮಾನ ಸಂದಿತು. ಅನಂತರ ಅದು ಬಟ್ಟೆಗೆ ಹಾಕುವ ಅಗ್ಗದ ನೀಲಿ ಪುಡಿಯಾಗಿ ಮನೆಮನೆ ಸೇರಿತು. ಕ್ಷಾರಕ್ಕೆ ಜಗ್ಗದ ಈ ಪುಡಿಯನ್ನು ಚಿಟಿಕೆಯಷ್ಟು ಬೆರೆಸಿದರೆ ಸುಣ್ಣದ ಹಳದಿ ಛಾಯೆ ಅಡಗುತ್ತಿತ್ತು, ಹೆಚ್ಚು ಬೆರೆಸಿದರೆ ಗೋಡೆ ತಿಳಿನೀಲಿಯಾಗುತ್ತಿತ್ತು.

ಚಾವಣಿಗೆ ಮಾತ್ರ ಬಣ್ಣವೇ ಇರಲಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹರಡಿದ ಹೆಂಚಿನ ಮಾಡಿನಲ್ಲಿ ತೊಲೆ, ಜಂತೆಗಳು ಹೊಗೆಯಿಂದಲೇ ಕಪ್ಪೇರುತ್ತಿದ್ದವು, ಆ ಹೊಗೆ ಮರವನ್ನು ಹುಳುವಿನಿಂದ ಕಾಯುತ್ತಲೂ ಇತ್ತು. ಬೆಳಕಿಗೆ ಗಾಜಿನ ಹೆಂಚೇ ಆಧಾರ. ಸಪಾಟಾದ ಆರ್‌ಸಿಸಿ ಚಾವಣಿ ಬಂದ ಮೇಲೆಯೇ ತಲೆಯ ಮೇಲೊಂದು ಬಳಿಯಬಹುದಾದ ಮೈ ದೊರಕಿತು.

ಅಡುಗೆ ಅನಿಲ ಈ ಲೆಕ್ಕವನ್ನೆಲ್ಲ ಬದಲಿಸಿತು. 1965ರಲ್ಲಿ ಕೋಲ್ಕತ್ತದಲ್ಲಿ ಆರಂಭವಾದ ಇಂಡೇನ್ ಮುಂದೆ ದೇಶದಾದ್ಯಂತ ಹರಡಿ ಮಸಿ ಹೋಗಿ ಜಿಡ್ಡು ಮಾತ್ರ ಉಳಿದಾಗ, ಪ್ರತಿವರ್ಷ ಬಳಿಯುವ ಗೋಡೆಗಿಂತ ಒರೆಸಬಹುದಾದ ಗೋಡೆ ಬೇಕೆನಿಸಿತು. ಸೀಮೆಸುಣ್ಣದ ಪುಡಿಗೆ ಅಂಟು ಬೆರೆಸಿದ ಡಿಸ್ಟೆಂಪರ್ ಒದ್ದೆ ಬಟ್ಟೆಗೆ ಅಷ್ಟಾಗಿ ನಿಲ್ಲಲಿಲ್ಲ. ಎದೆಯೆತ್ತರದವರೆಗೆ ಬಳಿದ ಆಯಿಲ್ ಪೇಂಟ್ ನಿಂತಿತು, ಆದರೆ ಆರದ ಹೊಸ ಗಾರೆಯ ಮೇಲೆ ಬಳಿದರೆ ಕ್ಷಾರವು ಅದರ ಎಣ್ಣೆಯನ್ನು ಸಾಬೂನಾಗಿಸಿ ಪದರವೇ ಸುಲಿಯುತ್ತಿತ್ತು. ನೀರಿನಲ್ಲಿ ರಾಳದ ಸೂಕ್ಷ್ಮ ಕಣಗಳು ತೇಲುವ ಎಮಲ್ಷನ್ ಬಣ್ಣ ಮತ್ತು ಅದಕ್ಕೆ ದಟ್ಟ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್ ಬಂದ ಮೇಲೆ ಆಯ್ಕೆ ನಿಜಕ್ಕೂ ಬಿಡುಗಡೆ ಪಡೆಯಿತು.

ಆದರೂ ಬೆಳಕಿನ ನಿಯಮ ಬದಲಾಗಿಲ್ಲ. ಚಾವಣಿಗೆ ಬಿಳಿಯೇ ಲೇಸು, ಏಕೆಂದರೆ ಕಿಟಕಿಯಿಂದ ಬಂದ ಬೆಳಕನ್ನು ಅದು ಕಟ್ಟೆಯ ಮೇಲಿನ ಈಳಿಗೆಯವರೆಗೂ ಇಳಿಸುತ್ತದೆ. ಗಾಢ ಬಣ್ಣವನ್ನು ಕಿಟಕಿಗೆ ಎದುರಾದ, ಚೆನ್ನಾಗಿ ಬೆಳಕು ಬೀಳುವ ಗೋಡೆಗೆ ಮೀಸಲಿಡುವುದು ಮೇಲು. ಬಾಗಿಲು, ಕಿಟಕಿಗಳ ಚೌಕಟ್ಟಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ: ಹಳೆಯ ಹಳದಿ, ಹಸಿರು, ಕೆಂಪು ಎನಾಮಲ್‌ಗಳಲ್ಲಿ ಸೀಸದ ಸಂಯುಕ್ತಗಳಿರುತ್ತಿದ್ದವು, ಮತ್ತು ಗೃಹಬಳಕೆಯ ಪೇಂಟಿನಲ್ಲಿ ಸೀಸವನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಮಿತಗೊಳಿಸಿದ ಭಾರತದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಆದುದರಿಂದ ಅದಕ್ಕೆ ಮುಂಚಿನ ಪದರಗಳನ್ನು ಒಣ ಉಪ್ಪುಕಾಗದದಿಂದ ಉಜ್ಜದೆ, ನೀರು ಹಚ್ಚಿ ಕೆರೆದು, ಉದುರಿದ್ದನ್ನು ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯಬೇಕು. ಆ ಕೆಲಸ ನಡೆಯುವಾಗ ಮಕ್ಕಳನ್ನೂ ಆಹಾರದ ಪಾತ್ರೆಗಳನ್ನೂ ಅಲ್ಲಿಂದ ದೂರವಿಡಬೇಕು.