ಎಣ್ಣೆ ಡಬ್ಬಿಯ ತಗಡು, ಮೇಲಿನ ಖೋಲಿಯ ವೈಫೈ

ಧಾರಾವಿಯಲ್ಲಿ ಫೋನ್ ತೆರೆದರೆ ಹತ್ತಾರು ವೈಫೈ ಹೆಸರುಗಳು ಸಾಲಾಗಿ ಬರುತ್ತವೆ. ಸಿಗದಿರುವುದು ಸ್ವಂತ ಮನೆಯದೇ, ಅದೂ ಏಣಿ ಹತ್ತಿ ಮೇಲಿನ ಖೋಲಿಗೆ ಹೋದಾಗ. ನಾನು ಫ್ಯಾನ್, ಮಿಕ್ಸರ್ ರಿಪೇರಿ ಮಾಡುವವನು. ಗಲ್ಲಿಯವರ ಲೆಕ್ಕದಲ್ಲಿ ವೈಫೈಯೂ ನನ್ನದೇ ಖಾತೆ. “ತಮ್ಮಾ, ರೊಕ್ಕಾ ತುಂಬೀನಿ, ಮ್ಯಾಲ ಹೋದ್ರ ಬರೇ ಚಕ್ರಾ ತಿರಗ್ತದ” ಎನ್ನುತ್ತಾರೆ ಎದುರು ಮನೆಯ ಕಾಕು.

ತಿರುಗದೆ ಏನು ಮಾಡೀತು? ಕೇಬಲಿನ ಹುಡುಗ ವೈರು ಒಳಬಂದ ಜಾಗದಲ್ಲೇ ರೂಟರ್ ಹೊಡೆದು ಹೋಗಿರುತ್ತಾನೆ, ನೀರಿನ ನೀಲಿ ಡ್ರಮ್ಮಿನ ಹಿಂದೆ. ನೀರು ಅಲೆಯನ್ನು ಹೀರುತ್ತದೆ, ತಗಡಿನ ಗೋಡೆ ಹಿಂದಕ್ಕೆ ಅಟ್ಟುತ್ತದೆ. ತಲೆಯ ಮೇಲೆ ಕಬ್ಬಿಣದ ತೊಲೆ, ಶಹಾಬಾದ್ ಫರಸಿ. ನಮ್ಮ ಕಲಬುರಗಿ ಕಡೆಯ ಕಲ್ಲೇ ಇಲ್ಲಿ ನಮಗೆ ಅಡ್ಡಿ! ಆದ್ದರಿಂದ ಮೊದಲು ರೂಟರನ್ನು ಡ್ರಮ್ಮಿನಿಂದ ದೂರ, ಎತ್ತರಕ್ಕೆ ಸರಿಸಬೇಕು. ಇದಕ್ಕೆ ಎರಡು ಮೊಳೆ ಸಾಕು.

ಆಮೇಲೆ ಆಂಟೆನಾ. ನೆಟ್ಟಗೆ ನಿಲ್ಲಿಸಿದ ಕಡ್ಡಿ ಸುತ್ತಲೂ ಚೆನ್ನಾಗಿ ಬೀರುತ್ತದೆ, ತನ್ನ ತುದಿಯ ಕಡೆಗೆ ಮಾತ್ರ ಬಹಳ ಕಡಿಮೆ. ದೊಡ್ಡ ಫ್ಲ್ಯಾಟಿಗೆ ಅದು ಸರಿ. ಒಂದರ ಮೇಲೊಂದು ಕೂತ ನಮ್ಮ ಖೋಲಿಗಳಿಗೆ ತಲೆಕೆಳಗು ವ್ಯವಸ್ಥೆ: ಬೇಕಾದದ್ದು ನೇರ ಮೇಲಕ್ಕೆ. ಒಂದು ಕಡ್ಡಿಯನ್ನಾದರೂ ಅಡ್ಡ ಮಲಗಿಸಿ.

ಇನ್ನು ಕೆಳಕ್ಕೆ ಹೋಗುವ ಅಲೆಯನ್ನು ಮೇಲಕ್ಕೆ ತಿರುಗಿಸಲು ತಗಡು. ಇಲ್ಲಿನ ಗುಜರಿ ಕೇರಿಯಾದ ತೇರಾ ಕಂಪೌಂಡಿನಲ್ಲಿ ಹಳೆಯ ಎಣ್ಣೆ ಡಬ್ಬಿಗಳನ್ನು ತೊಳೆದು, ಬಡಿದು ಮತ್ತೆ ಬಳಕೆಗೆ ಕಳಿಸುತ್ತಾರೆ. ಅಂಥ ಡಬ್ಬಿಯ ಒಂದು ಮಗ್ಗುಲು ಕತ್ತರಿಸಿ, ಅಂಚು ಮಡಚಿ (ಕೈ ಕೊಯ್ಯುತ್ತದೆ, ಜೋಕೆ), ಮೊರದ ಹಾಗೆ ಬಾಗಿಸಿ. ಮಲಗಿದ ಆಂಟೆನಾದ ಕೆಳಗೆ ಸ್ವಲ್ಪ ಅಂತರ ಬಿಟ್ಟು, ಬಾಯಿ ಮೇಲಾಗಿ ಇಡಿ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ತಗಡು ಅದಕ್ಕಿಂತ ಅಗಲವಿರಬೇಕು. ರಟ್ಟಿಗೆ ಅಂಟಿಸಿದ ಅಡುಗೆಮನೆಯ ಫಾಯಿಲ್ ಕೂಡ ಇದೇ ಕೆಲಸ ಮಾಡುತ್ತದೆ. ರೂಟರಿನ ಗಾಳಿಕಿಂಡಿ ಮಾತ್ರ ಮುಚ್ಚಬೇಡಿ.

ಇದು ಪೊಳ್ಳು ಮಾತಲ್ಲ. 2017ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು, ಕಂಪ್ಯೂಟರ್ ಲೆಕ್ಕ ಹಾಕಿ ರೂಪಿಸಿದ ಪ್ಲಾಸ್ಟಿಕ್ ಅಚ್ಚಿಗೆ ಲೋಹದ ಹಾಳೆ ಹೊದಿಸಿ, ಬೇಕಾದೆಡೆ 6 ಡೆಸಿಬೆಲ್‌ವರೆಗೆ ಹೆಚ್ಚಿಸಿದರು, ಬೇಡದೆಡೆ 10ರವರೆಗೆ ತಗ್ಗಿಸಿದರು. ಸಿಗ್ನಲ್ ಅಳೆಯುವ ಫೋನ್ ಆ್ಯಪ್‌ನಲ್ಲಿ ಮೈನಸ್ 80 ಇದ್ದದ್ದು ಮೈನಸ್ 74 ಆದರೆ ಸಿಗ್ನಲ್ ನಾಲ್ಕು ಪಟ್ಟಾಯಿತು ಎಂದರ್ಥ. ತಗಡು ಹೊಸ ಶಕ್ತಿ ಹುಟ್ಟಿಸುವುದಿಲ್ಲ. ಒಂದು ಕಡೆಯದನ್ನು ಇನ್ನೊಂದು ಕಡೆಗೆ ತಿರುಗಿಸುತ್ತದೆ, ಅಷ್ಟೆ. ಕಾಕುವಿನ ಪಾಸ್‌ವರ್ಡ್ ಪಡೆದು ಕೆಳಗೆ ಗೋಡೆಯಾಚೆ ಸಿನಿಮಾ ನೋಡುತ್ತಿದ್ದ ಹುಡುಗರಿಗೆ ಇದು ಹಿಡಿಸಿಲ್ಲ.

ಕಾನೂನಿನ ಭಯ ಬೇಡ. ನಮ್ಮ ದೇಶದಲ್ಲಿ 2005ರಿಂದ 2.4 ಗಿಗಾಹರ್ಟ್ಸ್ ತರಂಗಾಂತರಕ್ಕೆ ಲೈಸೆನ್ಸ್ ಬೇಕಿಲ್ಲ, ತಗಡು ಇಟ್ಟರೂ ಶಕ್ತಿಯ ಮಿತಿಯೊಳಗೇ ಇರುತ್ತೀರಿ.

ಮೇಲಿನ ಖೋಲಿಯ ನೆಲವೇ ಪೂರ್ತಿ ಕಬ್ಬಿಣದ ಹಾಳೆಯಾಗಿದ್ದರೆ ಈ ಕಸರತ್ತಿಗೆ ಇಳಿಯಬೇಡಿ. ಏಣಿಯ ಪಕ್ಕದಿಂದ ಲ್ಯಾನ್ ಕೇಬಲ್ ಎಳೆದು, ಗುಜರಿಗೆ ಹಾಕಲಿದ್ದ ಹಳೆಯ ರೂಟರನ್ನು ಮೇಲೆ ಕೂಡಿಸಿ.