ಚರ್ಮವ್ಯಾಧಿಯ ನಾಯಿಗೆ ಪಥ್ಯ

ನಾಯಿಯನ್ನು ಸಾಕಿದವರ ಮನೆಯಲ್ಲಿ ಬೊಗಳುವಿಕೆಗಿಂತಲೂ ಹೆಚ್ಚಾಗಿ ನಿದ್ರೆಯನ್ನು ಕೆಡಿಸತಕ್ಕ ಸದ್ದೊಂದುಂಟು. ಅದು ತುರಿಸಿಕೊಳ್ಳುವ ಸದ್ದು. ಹಿಂಗಾಲು ನೆಲಕ್ಕೆ ಟಪಟಪನೆ ಬಡಿಯುತ್ತದೆ. ಅದು ನಿಂತಿತೆಂದುಕೊಳ್ಳುವಷ್ಟರಲ್ಲಿ ಪಾದವನ್ನು ನೆಕ್ಕುವ ಸದ್ದು ಮೊದಲಾಗುತ್ತದೆ. ನಮ್ಮ ಮನೆಯ ಮೋತಿ ಒಂದು ವರ್ಷಕಾಲ ಹೀಗೆ ನಮ್ಮನ್ನು ಎಚ್ಚರವಾಗಿಟ್ಟಿತ್ತು. ಕಿವಿಯೊಳಗೆ ಕೆಂಪು, ಕಂಕುಳಲ್ಲಿ ಹುಣ್ಣು, ಕೂದಲುದುರಿ ಕಪ್ಪಾದ ಹೊಟ್ಟೆಯ ಚರ್ಮ, ಮೈಯಿಂದ ಒಂದು ಬಗೆಯ ಹಳಸಿದ ವಾಸನೆ. ಕಡೆಕಡೆಗೆ ಮಕ್ಕಳು ಕೂಡ ಅದನ್ನು ಮುಟ್ಟಲು ಹಿಂಜರಿದರು; ಎಲ್ಲಿಯಾದರೂ ಬಿಟ್ಟುಬರಬಾರದೇ ಎಂಬ ಮಾತು ಮನೆಯಲ್ಲಿ ಎದ್ದಿತು. ಅದನ್ನು ಯಾರು ಆಡಿದರೆಂಬುದು ಅಪ್ರಸ್ತುತ. ನಾವು ಅದನ್ನು ಆಕ್ಷೇಪಿಸಲಿಲ್ಲವೆಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು.

ಇಂಥ ಸಮಯದಲ್ಲಿ ಉಪದೇಶಕ್ಕೆ ಬರವಿಲ್ಲ. ಬೇವಿನೆಣ್ಣೆ ಹಚ್ಚಿ ಎಂದರೊಬ್ಬರು, ಉಪ್ಪು ಬಿಡಿಸಿ ಎಂದರಿನ್ನೊಬ್ಬರು. ನಾವೂ ಹದಿನೈದು ದಿವಸಕ್ಕೊಂದರಂತೆ ಆಹಾರವನ್ನು ಬದಲಾಯಿಸುತ್ತ ಹೋದೆವು. ಅದರಿಂದ ಏನೂ ತಿಳಿಯುವಂತಿರಲಿಲ್ಲವೆಂಬುದು ಪಶುವೈದ್ಯರನ್ನು ಕಂಡಮೇಲೆ ಗೊತ್ತಾಯಿತು.

ನಾಯಿಯ ತುರಿಕೆಗೆಲ್ಲ ಆಹಾರವೇ ಕಾರಣವಲ್ಲ. ಚಿಗಟದ ಕಡಿತ, ಕಜ್ಜಿಯ ಹುಳು, ಮನೆಯ ಧೂಳು, ಹೂವಿನ ಪರಾಗ ಇವೂ ಕಾರಣಗಳೇ. ಚಿಗಟವಂತೂ ಆಹಾರಕ್ಕಿಂತ ಹೆಚ್ಚು ಸಾಮಾನ್ಯವಾದ ಅಪರಾಧಿ. ಚಿಗಟದ ತುರಿಕೆ ಬಹುಮಟ್ಟಿಗೆ ಬಾಲದ ಬುಡದಲ್ಲಿ ಕಾಣುತ್ತದೆ. ಆಹಾರದ ತುರಿಕೆ ಕಿವಿ, ಪಾದ, ಕಂಕುಳು, ಹೊಟ್ಟೆಗಳನ್ನು ಹಿಡಿದು, ಋತುಭೇದವಿಲ್ಲದೆ ವರ್ಷವೆಲ್ಲ ಇರುತ್ತದೆ. ಆದರೆ ಧೂಳಿನಿಂದಾಗುವ ತುರಿಕೆಯೂ ಇದೇ ಜಾಗಗಳಿಗೆ ಬರುವುದರಿಂದ ಬರಿಗಣ್ಣಿನಿಂದ ಎರಡನ್ನೂ ಬೇರ್ಪಡಿಸುವುದು ಅಸಾಧ್ಯ. ರಕ್ತವನ್ನೋ ಜೊಲ್ಲನ್ನೋ ಪರೀಕ್ಷಿಸಿ ಆಹಾರದ ದೋಷವನ್ನು ಹೇಳುವೆವೆಂಬವರುಂಟು. ಆ ಪರೀಕ್ಷೆಗಳು ನಂಬತಕ್ಕವಲ್ಲ. ಪಥ್ಯವೊಂದೇ ಪರೀಕ್ಷೆ. ಈ ಮಾತನ್ನು ನಾವು ಒತ್ತಿ ಹೇಳಬೇಕಾಗಿದೆ. ಪಥ್ಯವೆಂದೊಡನೆ ಅದು ಚಿಕಿತ್ಸೆಯೆಂದು ತಿಳಿಯುವುದು ನಮ್ಮ ರೂಢಿ. ಇಲ್ಲಿ ಅದು ಮೊದಲಿಗೆ ವಿಚಾರಣೆ.

ವೈದ್ಯರು ಚಿಗಟ, ಹುಳುಗಳಿಲ್ಲವೆಂದು ನೋಡಿಕೊಂಡು, ಹುಣ್ಣಿನಲ್ಲಿ ಸೇರಿದ ಸೂಕ್ಷ್ಮಜೀವಿಗಳಿಗೆ ಔಷಧ ಕೊಟ್ಟು, ಆಮೇಲೆ ಮೋತಿ ಏನೇನು ತಿನ್ನುತ್ತದೆಂದು ಕೇಳಿದರು. ಮೊಸರನ್ನ, ಹಾಲು, ಬಿಸ್ಕತ್ತು, ಪಕ್ಕದ ಮನೆಯವರು ಕೊಡುವ ಕೋಳಿ ಎಂದೆವು. ಅವರು ನಕ್ಕರು. ಮುಲ್ಲರ್, ಓಲಿವ್ರಿ, ಪ್ರೆಲೋ ಎಂಬ ಮೂವರು ಪಶುವೈದ್ಯರು 2016ರಲ್ಲಿ, ಆಹಾರ ಒಗ್ಗದ 297 ನಾಯಿಗಳ ವಿವರಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಅವುಗಳಲ್ಲಿ ನೂರಕ್ಕೆ 34ಕ್ಕೆ ದನದ ಮಾಂಸ, 17ಕ್ಕೆ ಹಾಲಿನ ಪದಾರ್ಥ, 15ಕ್ಕೆ ಕೋಳಿ, 13ಕ್ಕೆ ಗೋಧಿ ಒಗ್ಗದೆ ಇದ್ದಿತು. ಮೊದಲನೆಯದನ್ನು ಬಿಟ್ಟರೆ ಮಿಕ್ಕವೆಲ್ಲ ಮೋತಿಯ ತಟ್ಟೆಯಲ್ಲಿಯೇ ಇದ್ದುವು.

ಮನೆಗೆ ಬಂದು ಇದನ್ನು ಹೇಳಿದಾಗ ನಮ್ಮ ತಾಯಿಯವರು, “ಅಲ್ಲವೋ, ಇಷ್ಟು ವರ್ಷ ತಿಂದ ಮೊಸರನ್ನ ಈಗ ವಿಷವಾಯಿತೇ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಆದರೆ ಶರೀರ ಒಂದು ಪದಾರ್ಥವನ್ನು ಶತ್ರುವೆಂದೆಣಿಸಬೇಕಾದರೆ ಮೊದಲು ಅದರ ಪರಿಚಯವಾಗಿರಬೇಕು. ಎಂದೂ ಕಾಣದ ಆಹಾರದ ಮೇಲೆ ಅದಕ್ಕೆ ಹಗೆ ಹುಟ್ಟುವುದು ವಿರಳ. ಬಹುಕಾಲ ತಿಂದುದರ ಮೇಲೆಯೇ ಹುಟ್ಟುವುದು ಸಾಮಾನ್ಯ. ಆದುದರಿಂದ ಪಥ್ಯಕ್ಕೆ ನಾಯಿ ಹುಟ್ಟಿದಂದಿನಿಂದ ತಿಂದಿಲ್ಲದ ಒಂದು ಮಾಂಸವನ್ನು ಆರಿಸಬೇಕು; ಇಲ್ಲವೆ, ಸಸಾರಜನಕವನ್ನು ಬಲು ಸಣ್ಣ ಚೂರುಗಳಾಗಿ ಒಡೆದು ತಯಾರಿಸಿದ ಆಹಾರವನ್ನು ತರಬೇಕು. ಹಲ್ಲು ಮುರಿದ ಬೀಗದ ಕೈ ಬೀಗವನ್ನು ತೆರೆಯಲಾರದಂತೆ, ಆ ಚೂರುಗಳು ಶರೀರದ ಹಗೆಯನ್ನು ಕೆರಳಿಸಲಾರವು. ಮೋತಿ ಬೀದಿಯಲ್ಲಿ ಹುಟ್ಟಿದ ನಾಯಿ; ಮರಿಯಾಗಿದ್ದಾಗ ಏನು ತಿಂದಿತ್ತೋ ಬಲ್ಲವರಾರು? ಹೀಗಾಗಿ ಎರಡನೆಯದೇ ಗತಿಯಾಯಿತು. ಅದರ ಬೆಲೆಯ ವಿಚಾರ ಇಲ್ಲಿ ಬೇಡ.

ಅವಧಿ ಎಂಟು ವಾರ. ಇದೇ ಮೂವರು 2015ರಲ್ಲಿ ತಿಳಿಸಿದಂತೆ, ಆಹಾರ ಒಗ್ಗದ ನಾಯಿಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಐದು ವಾರಗಳಲ್ಲಿಯೂ, 90ಕ್ಕಿಂತ ಹೆಚ್ಚು ಎಂಟು ವಾರಗಳಲ್ಲಿಯೂ ಸುಧಾರಿಸುತ್ತವೆ. ಹದಿನೈದು ದಿವಸಕ್ಕೆ ಬೇಸರಪಟ್ಟ ನಮ್ಮ ಹಿಂದಿನ ಪ್ರಯೋಗಗಳ ಗತಿ ಇದರಿಂದ ತಿಳಿಯುತ್ತದೆ. ಈ ಎಂಟು ವಾರವೂ ಆ ಆಹಾರ ಮತ್ತು ನೀರು, ಇವೆರಡರ ಹೊರತು ಏನೂ ಬಾಯಿಗೆ ಬೀಳಕೂಡದು. ಬಿಸ್ಕತ್ತಿನ ಚೂರಾಗಲಿ, ಕೆಳಗೆ ಬಿದ್ದ ಚಪಾತಿಯಾಗಲಿ ಸಲ್ಲದು. ಚಿಗಟಕ್ಕೆ ಕೊಡುವ ಅಗಿಯುವ ಮಾತ್ರೆಗಳಿಗೆ ಮಾಂಸದ ರುಚಿ ಬೆರೆಸಿರುವುದುಂಟು. ಅವನ್ನೂ ವೈದ್ಯರಿಗೆ ತೋರಿಸಿಯೇ ಕೊಡಬೇಕು.

ಮೂರು ವಾರ ಕಳೆಯುವಾಗ ರಾತ್ರಿಯ ಸದ್ದು ತಗ್ಗಿತು. ನಾಲ್ಕನೆಯ ವಾರ ಮತ್ತೆ ಹಿಂದಿನಂತೆಯೇ ಆಯಿತು. ವಿಚಾರಿಸಿದಾಗ, ನಮ್ಮ ತಾಯಿಯವರು ರಾತ್ರಿ ಊಟವಾದಮೇಲೆ ಹಿತ್ತಲ ಬಾಗಿಲಲ್ಲಿ ಒಂದು ತುತ್ತು ಮೊಸರನ್ನ ಹಾಕುತ್ತಿದ್ದುದು ಹೊರಬಿತ್ತು. “ಒಂದೇ ತುತ್ತು, ಪಾಪ” ಎಂದರು. ಎಂಟು ವಾರಗಳನ್ನು ಮೊದಲಿಂದ ಎಣಿಸಬೇಕಾಯಿತು. ಕೋಪ ಮಾಡಿಕೊಳ್ಳಲು ನಮಗೆ ಮನಸ್ಸು ಬರಲಿಲ್ಲ. ಆ ಒಂದು ವರ್ಷ ಮೋತಿಯನ್ನು ಹತ್ತಿರಕ್ಕೆ ಕರೆದು ತಲೆ ಸವರಿದವರು ಮನೆಯಲ್ಲಿ ಅವರೊಬ್ಬರೇ.

ಎರಡನೆಯ ಸಲ ಏಳನೆಯ ವಾರದ ಹೊತ್ತಿಗೆ ಹುಣ್ಣು ಮಾಗಿ, ಹೊಟ್ಟೆಯ ಮೇಲೆ ಕೂದಲು ಚಿಗುರಿತು. ಇಲ್ಲಿಗೆ ಮುಗಿಯಿತೆಂದುಕೊಂಡೆವು. ವೈದ್ಯರಾದರೋ ಹಳೆಯ ಆಹಾರವನ್ನು ಒಂದೊಂದಾಗಿ ಮತ್ತೆ ಹಾಕಿ ನೋಡಿ ಎಂದರು. ಇದನ್ನು ಕೇಳಿ ನಮ್ಮ ತಾಯಿಯವರಿಗೆ ನಿಜವಾಗಿ ಸಿಟ್ಟು ಬಂತು. “ಗುಣವಾದ ಪ್ರಾಣಿಗೆ ಕೈಯಾರೆ ರೋಗ ತರಿಸುವುದನ್ನು ಯಾವ ಕಾಲೇಜಿನಲ್ಲಿ ಕಲಿತೆಯಪ್ಪ?” ಎಂದರು. ಬಹುಮಂದಿ ಈ ಹಂತದಲ್ಲಿಯೇ ನಿಲ್ಲಿಸಿಬಿಡುತ್ತಾರೆ. ಆದರೆ ತುರಿಕೆ ಶಮನವಾದುದು ಪಥ್ಯದಿಂದಲೋ, ಹುಣ್ಣಿಗೆ ಕೊಟ್ಟ ಔಷಧದಿಂದಲೋ, ಋತು ಬದಲಾದುದರಿಂದಲೋ ಎಂಬುದು ಈ ಮರುಪರೀಕ್ಷೆಯಿಲ್ಲದೆ ನಿರ್ಧಾರವಾಗದು. ಅದನ್ನು ಮಾಡದಿದ್ದರೆ ನಿರಪರಾಧಿಯಾದ ಆಹಾರವನ್ನೂ ಜೀವಮಾನವೆಲ್ಲ ಬಿಡಿಸಿದಂತಾಗುತ್ತದೆ. ಒಂದೊಂದು ಪದಾರ್ಥಕ್ಕೂ ಎರಡು ವಾರ ಕಾಯಬೇಕು. ತುರಿಕೆ ಕಂಡೊಡನೆ ನಿಲ್ಲಿಸಿ ಪಥ್ಯಕ್ಕೆ ಹಿಂದಿರುಗಬೇಕು.

ಮೊಸರು ಹಾಕಿದ ಮೂರನೆಯ ದಿವಸ ಮೋತಿಯ ಕಿವಿ ಕೆಂಪಾಯಿತು. ಕೋಳಿ, ಗೋಧಿಗಳಿಂದ ಏನೂ ಆಗಲಿಲ್ಲ.

ಈಗ ಅದಕ್ಕೆ ಅನ್ನ, ಬೇಯಿಸಿದ ಕೋಳಿ, ತರಕಾರಿ. ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತಕ್ಕೆ ಕೇಡು ಮಾಡುವುದರಿಂದ ಅವನ್ನು ಸೇರಿಸುವುದಿಲ್ಲ. ಮೂಳೆಯಿಲ್ಲದ ಮಾಂಸದಲ್ಲಿ ಸುಣ್ಣದ ಅಂಶ ತೀರ ಕಡಮೆ. ಮನೆಯ ಅಡಿಗೆಯನ್ನೇ ನೆಚ್ಚುವವರು ಇದನ್ನು ಮರೆಯಬಾರದು, ಬೆಳೆಯುವ ಮರಿಯಿದ್ದರೆ ಎಷ್ಟು ಮಾತ್ರಕ್ಕೂ ಮರೆಯಬಾರದು. ಆ ಕೊರತೆಗೆ ವೈದ್ಯರು ಪುಡಿಯೊಂದನ್ನು ಬರೆದುಕೊಟ್ಟಿದ್ದಾರೆ. ಅದನ್ನು ದಿನವೂ ಅಳೆದು ಬೆರೆಸುವವರು ನಮ್ಮ ತಾಯಿಯವರೇ. ಮೊಸರನ್ನಕ್ಕೆ ಕೂಡುವ ಮೊದಲು ಹಿತ್ತಲ ಬಾಗಿಲಿಗೆ ಅಗಳಿ ಹಾಕುವವರೂ ಅವರೇ.